ರಿಟರ್ನ್‌ನಲ್ಲಿ ತಮ್ಮನ ಹೆಸರು

ನನ್ನ ತಮ್ಮನಿಗೆ ಈಗ ನಲವತ್ತೊಂದು. ಷರ್ಟಿನ ಗುಂಡಿ ತಾನೇ ಹಾಕಿಕೊಳ್ಳುತ್ತಾನೆ. ಆದರೆ ಮೇಲಿನ ಗುಂಡಿ ಎಷ್ಟೋ ದಿನ ಕೆಳಗಿನ ಕಾಜಕ್ಕೆ ಹೋಗಿರುತ್ತದೆ. ಹತ್ತರ ನೋಟಿಗೂ ಐನೂರರ ನೋಟಿಗೂ ಬಣ್ಣ ಬೇರೆ ಅನ್ನುವುದು ಅವನಿಗೆ ಗೊತ್ತು, ಬೆಲೆ ಬೇರೆ ಅನ್ನುವುದು ಗೊತ್ತಿಲ್ಲ. 2011ರಲ್ಲಿ ಅಪ್ಪ ಹೋದ ಮೇಲೆ ಅಮ್ಮ, ತಮ್ಮ ಇಬ್ಬರೂ ಮೈಸೂರಿನ ನಮ್ಮ ಮನೆಗೆ ಬಂದರು. ಅಮ್ಮನ ಕುಟುಂಬ ಪಿಂಚಣಿ ಅವಳ ಮಾತ್ರೆ, ಹಾಲು, ಊರಿನ ಮದುವೆ ಮುಂಜಿಗಳಿಗೆ ಸರಿಹೋಗುತ್ತದೆ. ತಮ್ಮನ ಊಟ, ಬಟ್ಟೆ, ಔಷಧಿ, ವಿಶೇಷ ಶಾಲೆಯ ವರ್ಕ್‌ಶಾಪಿನ ಶುಲ್ಕ, ದಿನವೂ ಎರಡು ಸಲದ ಆಟೋ ನನ್ನ ಸಂಬಳದಿಂದ.

ಎಂಟು ವರ್ಷ ಈ ಖರ್ಚನ್ನು ಮಾಡುತ್ತಲೇ ತೆರಿಗೆಯನ್ನೂ ಪೂರ್ತಿ ಕಟ್ಟಿದೆ. ಅವನನ್ನು ನೋಡಿಕೊಳ್ಳುವುದಕ್ಕೂ ಫಾರಂ 16ಕ್ಕೂ ಸಂಬಂಧ ಇರಬಹುದು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. 2019ರಲ್ಲಿ ಆಫೀಸಿನ ಗೆಳತಿಯೊಬ್ಬಳು, ಕಿವಿ ಕೇಳದ ಮಗಳಿದ್ದವಳು, ಊಟದ ಹೊತ್ತಿನಲ್ಲಿ 80ಡಿಡಿ ಎಂಬ ಹೆಸರು ಹೇಳಿದಳು, ಅಂಗವಿಕಲ ಅವಲಂಬಿತರನ್ನು ಸಾಕುವವರಿಗೆ ಆದಾಯದಲ್ಲಿ ಕಡಿತ ಕೊಡುವ ಕಲಂ. ಆ ಸಂಜೆಯೇ ನಮ್ಮ ಆಡಿಟರಿಗೆ ಫೋನ್ ಮಾಡಿದೆ. "ಅದು ಮಕ್ಕಳಿಗೆ ಮೇಡಂ. ಮದುವೆಯಾದ ಹೆಣ್ಣುಮಕ್ಕಳು ತಮ್ಮನ ಹೆಸರಲ್ಲಿ ಕ್ಲೇಮ್ ಮಾಡೋಕಾಗಲ್ಲ" ಎಂದರು. ನಂಬಿಬಿಡುತ್ತಿದ್ದೆ. ಯಾಕೋ ಆ ರಾತ್ರಿ ಕಾಯಿದೆಯ ಕಲಂ ಅನ್ನೇ ತೆಗೆದು ಓದಿದೆ.

ಆದಾಯ ತೆರಿಗೆ ಕಾಯಿದೆ 1961ರ ಆ ಕಲಮಿನಲ್ಲಿ ಅವಲಂಬಿತರು ಯಾರು ಎಂಬುದು ಸ್ಪಷ್ಟವಾಗಿದೆ: ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು. ಅವರು ತಮ್ಮ ಪೋಷಣೆಗೆ ಪೂರ್ತಿಯಾಗಿ ಅಥವಾ ಮುಖ್ಯವಾಗಿ ನಿಮ್ಮನ್ನೇ ನೆಚ್ಚಿಕೊಂಡಿರಬೇಕು. ಅಕ್ಕನಿಗೆ ಮದುವೆಯಾಗಿದೆಯೇ ಎಂದು ಕಾಯಿದೆ ಕೇಳುವುದಿಲ್ಲ. ಒಂದೇ ಸೂರಿನಡಿ ಇರಬೇಕು ಎಂದೂ ಹೇಳುವುದಿಲ್ಲ. ತವರಿನ ಭಾರ ಹೊತ್ತ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟು ಜನ ಇದ್ದಾರೆ! ಅವರಲ್ಲಿ ಎಷ್ಟು ಮಂದಿಗೆ ಇಂಥದೇ ಉತ್ತರ ಸಿಕ್ಕಿದೆಯೋ ಎಂದು ಈಗಲೂ ಸಂಕಟವಾಗುತ್ತದೆ.

ಆದರೆ ಪಟ್ಟಿ ಅಲ್ಲಿಗೇ ನಿಲ್ಲುತ್ತದೆ. ಹಾಸಿಗೆ ಹಿಡಿದ ಅತ್ತೆಯನ್ನು ಸೊಸೆ ತನ್ನ ದುಡಿಮೆಯಲ್ಲಿ ನೋಡಿಕೊಂಡರೆ ಸೊಸೆಗೆ ಈ ಕಡಿತ ಇಲ್ಲ, ಖರ್ಚು ಮಾಡುವ ಮಗನಿಗೆ ಇದೆ. ಮಗ ತೀರಿಹೋಗಿ ಸೊಸೆಯೊಬ್ಬಳೇ ಅತ್ತೆಯನ್ನು ಸಾಕುತ್ತಿದ್ದರೆ ಯಾರಿಗೂ ಇಲ್ಲ. ಇದು ಅನ್ಯಾಯ ಅಂತಲೇ ನನಗೆ ಅನ್ನಿಸುತ್ತದೆ. ಇನ್ನೊಂದು ಮಿತಿ, ಕ್ಲೇಮ್ ಮಾಡುವವರು ತೆರಿಗೆಯ ಲೆಕ್ಕಕ್ಕೆ ಭಾರತದ ನಿವಾಸಿಯಾಗಿರಬೇಕು. ದುಬೈಯಲ್ಲೋ ಅಮೆರಿಕದಲ್ಲೋ ನೆಲೆಸಿರುವ ಅಣ್ಣ ಇಲ್ಲಿನ ತಂಗಿಗಾಗಿ ತಿಂಗಳು ತಿಂಗಳು ಹಣ ಕಳಿಸಿದರೂ, ಅನಿವಾಸಿಯಾಗಿರುವಷ್ಟು ಕಾಲ ಅವನಿಗೆ ಇದು ಸಿಗದು.

ಕಾಯಿದೆ ಓದಿ ಮುಗಿಸಿದ ಮೇಲೆ ನಿಜವಾದ ಕೆಲಸ ಶುರುವಾಯಿತು. ತಮ್ಮನಿಗೆ ಮೂವತ್ತು ದಾಟಿ ಎಷ್ಟೋ ವರ್ಷವಾಗಿದ್ದರೂ ಅವನ ಹೆಸರಿನಲ್ಲಿ ಅಂಗವಿಕಲ ಸರ್ಟಿಫಿಕೇಟ್ ಇರಲಿಲ್ಲ. ಅಪ್ಪ ಮಾಡಿಸಿರಲಿಲ್ಲ, ಅಮ್ಮ ಬಿಟ್ಟಿರಲಿಲ್ಲ. ನಾನು ಮಾತೆತ್ತಿದಾಗ ಅಮ್ಮ ಅಕ್ಕಿ ಆರಿಸುತ್ತಿದ್ದಳು. "ನನ್ನ ಮಗ ಎಷ್ಟು ಪರ್ಸೆಂಟು ಅಂತ ಯಾರೋ ಬರ್ಕೊಡಬೇಕಾ?" ಅಂದಳು. ಮೂರು ವಾರ ಆ ಮಾತು ಮುಂದಕ್ಕೆ ಹೋಗಲಿಲ್ಲ. ಕಡೆಗೆ ಅವಳನ್ನು ಒಪ್ಪಿಸಿದ್ದು ತೆರಿಗೆಯಲ್ಲ. "ನಾವಿಬ್ಬರೂ ಇಲ್ಲದ ಕಾಲಕ್ಕೆ ಅವನ ಕೈಯಲ್ಲಿ ಒಂದು ಕಾಗದ ಇರಲಿ ಅಮ್ಮ" ಎಂದೆ. ಅಕ್ಕಿಯ ಮೊರ ಕೆಳಗಿಟ್ಟಳು.

ಅರ್ಜಿಯನ್ನು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್ಲಿನಲ್ಲಿ ಮನೆಯಿಂದಲೇ ಹಾಕಬಹುದು. ಅದರಿಂದಲೇ ಸರ್ಟಿಫಿಕೇಟೂ ಯುಡಿಐಡಿ ಎಂಬ ಗುರುತಿನ ಕಾರ್ಡೂ ಬರುತ್ತವೆ. ಹಳ್ಳಿಗಳಲ್ಲಿರುವವರು ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು. ಅಥವಾ ತಾಲ್ಲೂಕಿನ ಎಂ.ಆರ್.ಡಬ್ಲ್ಯು. ಎಂಬ ಪುನರ್ವಸತಿ ಕಾರ್ಯಕರ್ತರನ್ನು ಕಂಡರೆ ದಾರಿ ತೋರಿಸುತ್ತಾರೆ. ತಪಾಸಣೆಗೆ ಮಾತ್ರ ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಆಧಾರ್‌ನಲ್ಲಿ ಇದ್ದ ಹೆಸರಿಗೂ ಆಸ್ಪತ್ರೆಯವರು ಬರೆದುಕೊಂಡ ಹೆಸರಿಗೂ ಒಂದು ಅಕ್ಷರ ಹೊಂದದೆ ನಾವು ಎರಡು ಸಲ ಹೆಚ್ಚಿಗೆ ಅಲೆದೆವು. ಇನಿಷಿಯಲ್ ಸಮೇತ ಎಲ್ಲ ಕಾಗದಗಳಲ್ಲೂ ಹೆಸರು ಒಂದೇ ಇದೆಯೇ ಎಂದು ಮನೆಯಲ್ಲೇ ನೋಡಿಕೊಂಡು ಹೊರಡಿ.

ಆ ತಪಾಸಣೆಯ ದಿನವನ್ನು ನಾನು ಮರೆಯಲಾರೆ. ಮನಶ್ಶಾಸ್ತ್ರಜ್ಞೆ ತಮ್ಮನೊಡನೆ ಸ್ವಲ್ಪ ಹೊತ್ತು ಮಾತಾಡಿ ಅಮ್ಮನ ಕಡೆ ತಿರುಗಿದರು. ಸ್ನಾನ ತಾನೇ ಮಾಡ್ತಾನಾ? ಬಿಸಿನೀರು ಯಾರು ಹದ ಮಾಡ್ತಾರೆ? ರಸ್ತೆ ಒಬ್ಬನೇ ದಾಟ್ತಾನಾ? ಅಂಗಡಿಗೆ ಕಳಿಸಿದರೆ ಚಿಲ್ಲರೆ ಎಣಿಸಿ ತರ್ತಾನಾ? ರಾತ್ರಿ ಎದ್ದರೆ? ಅಮ್ಮ ಒಂದೊಂದಕ್ಕೇ ಉತ್ತರ ಕೊಟ್ಟಳು. ರಾತ್ರಿ ಅವನು ಬಾಗಿಲು ತೆಗೆದು ಹೊರಟುಬಿಟ್ಟಾನೆಂದು ಹಜಾರದಲ್ಲಿ ಬಾಗಿಲಿಗೆ ಅಡ್ಡಲಾಗಿ ಹಾಸಿಕೊಂಡು ಮಲಗುವುದು, ಸಾರಿನ ಮೆಣಸಿನಕಾಯಿಯನ್ನು ಆಯ್ದು ಅನ್ನ ಕಲೆಸಿ ಕೊಡುವುದು, ಶೇವಿಂಗ್ ಮಾಡುವುದು, ಹಲ್ಲುನೋವನ್ನು ಹೇಳಲಾರದೆ ಗೋಡೆಗೆ ತಲೆ ಚಚ್ಚಿಕೊಂಡಾಗ ಯಾವ ಹಲ್ಲು ಎಂದು ಊಹಿಸುವುದು. ಅವನ ಜೊತೆಗೇ ಬೆಳೆದ ನನಗೆ ಅವುಗಳಲ್ಲಿ ಅರ್ಧ ಗೊತ್ತಿರಲಿಲ್ಲ. ಮೂರೂವರೆ ದಶಕದ ದುಡಿಮೆಯನ್ನು ಅವಳು ಮೊದಲ ಸಲ ಒಬ್ಬರ ಮುಂದೆ ಲೆಕ್ಕ ಒಪ್ಪಿಸುತ್ತಿದ್ದಳು.

ಬಂದ ಅಂಕಿ ಶೇ. 75. ಬೌದ್ಧಿಕ ನ್ಯೂನತೆಯಲ್ಲಿ ಈ ಅಂಕಿಗಳು ಮೆಟ್ಟಿಲು ಮೆಟ್ಟಿಲಾಗಿ ನಿಗದಿಯಾಗಿವೆ. ಸೌಮ್ಯ ಎಂದರೆ 50, ಮಧ್ಯಮ ಎಂದರೆ 75, ತೀವ್ರ ಎಂದರೆ 90, ಅತಿ ತೀವ್ರ ಎಂದರೆ 100. ತೆರಿಗೆ ಕಾಯಿದೆಯಲ್ಲಿರುವುದು ಎರಡೇ ಗೆರೆ. ಶೇ. 40 ಮುಟ್ಟಿದರೆ ಆದಾಯದಿಂದ 75,000 ರೂಪಾಯಿ ಕಡಿತ. ಶೇ. 80 ಮುಟ್ಟಿದರೆ 1,25,000. ನಮ್ಮದು ಮೊದಲನೆಯದು.

ಕಡಿತ ಅಂದರೆ ಅಷ್ಟು ಹಣ ಕೈಗೆ ಬರುತ್ತದೆ ಎಂದು ಎಷ್ಟೋ ಜನ ತಿಳಿಯುತ್ತಾರೆ. ತೆರಿಗೆ ಹಾಕುವ ಮುಂಚೆ ಆದಾಯದಿಂದ ಅಷ್ಟನ್ನು ಕಳೆಯುತ್ತಾರೆ, ಅಷ್ಟೆ. ಶೇ. 20ರ ಹಂತದಲ್ಲಿದ್ದ ನನಗೆ ಸೆಸ್ ಸೇರಿ ವರ್ಷಕ್ಕೆ 15,600 ರೂಪಾಯಿ ಉಳಿಯಿತು. ಶೇ. 30ರ ಹಂತದಲ್ಲಿರುವವರಿಗೆ 23,400. ತೀವ್ರ ನ್ಯೂನತೆಯಾದರೆ ಅದೇ ಹಂತದಲ್ಲಿ 39,000. ನಮ್ಮ ಮನೆಯಲ್ಲಿ ಆ 15,600 ಹೆಚ್ಚುಕಡಿಮೆ ಮೂರು ತಿಂಗಳ ಆಟೋಗೆ ಆಯಿತು.

ಈ ಕಲಮಿನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇನ್ನೊಂದು ಕಾರಣಕ್ಕೆ. ಆಫೀಸಿನ ಲೆಕ್ಕಪತ್ರ ವಿಭಾಗದವರು ಮೊದಲ ವರ್ಷ "75 ಸಾವಿರಕ್ಕೆ ಬಿಲ್ಲು ಕೊಡಿ" ಎಂದರು. ಕೊಡಬೇಕಿಲ್ಲ. ಚಿಕಿತ್ಸೆ, ಶುಶ್ರೂಷೆ, ತರಬೇತಿ, ಪುನರ್ವಸತಿಗೆ ನೀವು ಖರ್ಚು ಮಾಡಿರಬೇಕು ನಿಜ. ಆದರೆ ಮಾಡಿದ ಖರ್ಚು ಇಪ್ಪತ್ತು ಸಾವಿರವಾಗಲಿ, ಎರಡು ಲಕ್ಷವಾಗಲಿ, ಕಡಿತದ ಮೊತ್ತ ಒಂದೇ. ಬಾಗಿಲಿಗೆ ಅಡ್ಡ ಮಲಗುವ ಅಮ್ಮ ಯಾವ ರಸೀತಿ ಕೊಡುತ್ತಾಳೆ? ಅವನನ್ನು ಬಿಟ್ಟು ಹೋಗಲಾಗದೆ ನಾನು ಬೇಡವೆಂದ ಬೆಂಗಳೂರಿನ ಬಡ್ತಿಗೆ ಯಾರ ಬಿಲ್ಲು? ಇಂಥ ಮನೆಗಳಲ್ಲಿ ದೊಡ್ಡ ಖರ್ಚುಗಳು ಕಾಗದಕ್ಕೆ ಬರುವುದೇ ಇಲ್ಲ. ಅದನ್ನು ಒಪ್ಪಿಕೊಂಡಂತೆ ಬರೆದ ಕಾಯಿದೆ ಇದು.

ಕಾಗದದ ಕೆಲಸ ಹೆಚ್ಚಿಲ್ಲ, ಆದರೆ ತಪ್ಪಬಾರದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ನ್ಯೂನತೆ ಇದ್ದರೆ ಫಾರಂ 10-ಐಎ ಬೇಕು. ಉಳಿದವರಿಗೆ ಮಾಮೂಲಿ ಸರ್ಟಿಫಿಕೇಟ್ ಸಾಕು. 2024–25ರ ಕರನಿರ್ಧಾರ ವರ್ಷದಿಂದ ರಿಟರ್ನ್‌ನಲ್ಲೇ ಇದಕ್ಕೊಂದು ಪ್ರತ್ಯೇಕ ಷೆಡ್ಯೂಲ್ ಬಂದಿದೆ. ಅದರಲ್ಲಿ ಸಂಬಂಧ, ನ್ಯೂನತೆಯ ಬಗೆ, ಅವರ ಪ್ಯಾನ್, ಆಧಾರ್, ಯುಡಿಐಡಿ ಸಂಖ್ಯೆಗೆ ಜಾಗವಿದೆ. ಸರ್ಟಿಫಿಕೇಟಿಗೆ ಅವಧಿ ಇದ್ದರೆ ಅದು ಮುಗಿಯುವ ಆರ್ಥಿಕ ವರ್ಷದವರೆಗೆ ಮಾತ್ರ ಕಡಿತ. ಮುಂದಿನ ವರ್ಷಕ್ಕೆ ಹೊಸದು ಬೇಕು. ಮಕ್ಕಳಿಗೆ ಸಾಮಾನ್ಯವಾಗಿ ಕೆಲವು ವರ್ಷಗಳಿಗಷ್ಟೇ ಕೊಡುತ್ತಾರೆ, ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ನ್ಯೂನತೆ ಇರುವವರು ತಾವೇ ದುಡಿದು 80ಯು ಅಡಿ ಕಡಿತ ಪಡೆದರೆ ನೀವು ಅವರ ಹೆಸರಿನಲ್ಲಿ ಪಡೆಯುವಂತಿಲ್ಲ. ಮರೆವಿನ ಕಾಯಿಲೆ, ಪಾರ್ಕಿನ್ಸನ್, ಕ್ಯಾನ್ಸರ್, ಕಿಡ್ನಿ ವೈಫಲ್ಯದಂಥವಕ್ಕೆ 80ಡಿಡಿಬಿ ಎಂಬ ಬೇರೆ ಕಲಂ ಇದೆ. ಅಲ್ಲಿ ತಜ್ಞ ವೈದ್ಯರ ಚೀಟಿ ಬೇಕು, ನಿಜವಾಗಿ ಆದ ಖರ್ಚೇ ಲೆಕ್ಕ. ಮಿತಿ 40,000, ರೋಗಿ ಹಿರಿಯ ನಾಗರಿಕರಾದರೆ ಒಂದು ಲಕ್ಷ.

ನಮ್ಮ ನಂತರ ತಮ್ಮನಿಗೆ ವರಮಾನ ಬರುವಂತೆ ವಿಮಾ ಯೋಜನೆಯಲ್ಲಿ ಕಟ್ಟುವ ಹಣವೂ 80ಡಿಡಿಯ ಒಳಗೇ ಬರುತ್ತದೆ. ಮೊದಲು ಕಟ್ಟಿದವರು ಸತ್ತ ಮೇಲಷ್ಟೇ ಅವಲಂಬಿತರಿಗೆ ಹಣ ಸಿಗುತ್ತಿತ್ತು. ಬದುಕಿರುವ ತಂದೆ ತಾಯಿಗೂ ವಯಸ್ಸಾಗಿ ದುಡಿಮೆ ನಿಲ್ಲುತ್ತದಲ್ಲ ಎಂದು ತಂದೆಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2019ರ ಜನವರಿಯಲ್ಲಿ ಕೋರ್ಟು ಕಾಯಿದೆಯನ್ನು ರದ್ದು ಮಾಡದಿದ್ದರೂ ಮರುಚಿಂತನೆ ಮಾಡುವಂತೆ ಕೇಂದ್ರಕ್ಕೆ ಹೇಳಿತು. 2022ರ ಬಜೆಟ್ಟಿನಲ್ಲಿ ತಿದ್ದುಪಡಿ ಬಂತು. ಕಟ್ಟಿದವರಿಗೆ ಅರವತ್ತು ತುಂಬಿ, ಕಂತು ನಿಲ್ಲಿಸಿದ ಮೇಲೆ ಅವರು ಬದುಕಿರುವಾಗಲೇ ಅವಲಂಬಿತರಿಗೆ ಹಣ ಬರಲು ಈಗ ಅಡ್ಡಿಯಿಲ್ಲ. ಹೆಸರೂ ಗೊತ್ತಿಲ್ಲದ ನಮ್ಮಂಥ ಸಾವಿರಾರು ಮನೆಗಳಿಗಾಗಿ ಆ ತಂದೆ ಓಡಾಡಿದರು ಎಂದೇ ನಾನು ತಿಳಿದಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೆ ನೋವಿನ ಸಂಗತಿಗೆ ಬರಬೇಕು. ಈ ಕಡಿತ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023–24ರ ಆರ್ಥಿಕ ವರ್ಷದಿಂದ ನೀವಾಗಿ ಹಳೆಯದನ್ನು ಆರಿಸದಿದ್ದರೆ ತಾನಾಗಿ ಹೊಸ ಪದ್ಧತಿ ಅನ್ವಯಿಸುತ್ತದೆ. ಹಳೆಯದು ಬೇಕಿದ್ದರೆ ರಿಟರ್ನ್ ಕೊನೆಯ ದಿನದೊಳಗೇ ಹೋಗಬೇಕು. ಸಂಬಳದಾರರು ಆಫೀಸಿನಲ್ಲಿ ಹೊಸದನ್ನು ಆರಿಸಿದ್ದರೂ ರಿಟರ್ನ್‌ನಲ್ಲಿ ಬದಲಿಸಬಹುದು, ಗಡುವು ದಾಟಿದರೆ ಆಗದು.

2025–26ರ ಆರ್ಥಿಕ ವರ್ಷಕ್ಕೆ ನಾನು ಎರಡನ್ನೂ ಪಕ್ಕಪಕ್ಕ ಬರೆದು ನೋಡಿದೆ. ಮನೆ ಸಾಲ ತೀರಿದೆ, ಬಾಡಿಗೆ ಭತ್ಯೆಯ ಲಾಭವಿಲ್ಲ. ಸಂಬಳ ಹದಿನಾಲ್ಕೂವರೆ ಲಕ್ಷ. ಹಳೆಯ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿ ಅಡಿಯ ಉಳಿತಾಯ ಒಂದೂವರೆ ಲಕ್ಷ, ಅಮ್ಮನದೂ ಸೇರಿ ಆರೋಗ್ಯ ವಿಮೆ 75,000, ತಮ್ಮನ 75,000 ಕಳೆದರೆ ಹನ್ನೊಂದು ಲಕ್ಷ ಉಳಿಯುತ್ತದೆ. ವೃತ್ತಿ ತೆರಿಗೆಯ ಚಿಲ್ಲರೆ ಬಿಟ್ಟರೆ ತೆರಿಗೆ 1,48,200. ಹೊಸದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಒಂದನ್ನೇ ಕಳೆದು ತೆರಿಗೆ 89,700. ತಮ್ಮನದು ತೀವ್ರ ನ್ಯೂನತೆಯಾಗಿದ್ದರೂ ಹಳೆಯದು 1,32,600ಕ್ಕಿಂತ ಇಳಿಯುತ್ತಿರಲಿಲ್ಲ. ದೊಡ್ಡ ಮನೆ ಸಾಲದ ಬಡ್ಡಿ, ಹೆಚ್ಚಿನ ಬಾಡಿಗೆ ಇರುವವರಿಗೆ ಉತ್ತರ ಬೇರೆ ಬರಬಹುದು, ನಿಮ್ಮ ಅಂಕಿಗಳನ್ನು ಹಾಕಿ ನೋಡಿ. ನನಗೆ ಹೊಸದೇ ಅಗ್ಗ. 58,500 ರೂಪಾಯಿಯನ್ನು ಬಿಟ್ಟುಕೊಡುವಷ್ಟು ಅನುಕೂಲ ನಮ್ಮ ಮನೆಗಿಲ್ಲ.

ತೆರಿಗೆ ಇಳಿದಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ನನ್ನ ಪಕ್ಕದ ಮೇಜಿನಲ್ಲಿ ಕೂರುವ, ಇಷ್ಟೇ ಸಂಬಳದ ಸಹೋದ್ಯೋಗಿಯ ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ಅವರೂ 89,700 ಕಟ್ಟುತ್ತಾರೆ, ನಾನೂ ಅಷ್ಟೇ ಕಟ್ಟುತ್ತೇನೆ. ಇಬ್ಬರ ಮನೆಗಳ ನಡುವೆ ಇರುವ ಅಂತರವನ್ನು ಹಳೆಯ ಪದ್ಧತಿ 75,000 ರೂಪಾಯಿಯಷ್ಟಾದರೂ ಕಂಡಿತ್ತು. ಆ ಮೊತ್ತ 2015ರ ಬಜೆಟ್ಟಿನಲ್ಲಿ ಏರಿದ್ದು, ಆಮೇಲೆ ಕದಲಿಲ್ಲ. 2026ರ ಏಪ್ರಿಲ್‌ನಿಂದ 1961ರ ಕಾಯಿದೆಯ ಜಾಗಕ್ಕೆ ಹೊಸ ಆದಾಯ ತೆರಿಗೆ ಕಾಯಿದೆ ಬಂದು ಕಲಂಗಳ ಸಂಖ್ಯೆ ಬದಲಾಗಿದೆ, ಈ ಕೊರತೆ ಬದಲಾಗಿಲ್ಲ. 80ಸಿ, 80ಡಿ ಉಳಿತಾಯಕ್ಕೂ ಆರೋಗ್ಯ ವಿಮೆಗೂ ಕೊಡುವ ಪ್ರೋತ್ಸಾಹ. ಅವನ್ನು ಹೊಸ ಪದ್ಧತಿಯಿಂದ ತೆಗೆದರೆ ವಾದಿಸುವುದಿಲ್ಲ. ಅಂಗವಿಕಲರ ಪೋಷಣೆ ಯಾರೂ ತೆರಿಗೆ ಉಳಿಸಲೆಂದು ಆರಿಸಿಕೊಂಡದ್ದಲ್ಲ. ಅದನ್ನು ಎರಡೂ ಪದ್ಧತಿಗಳಲ್ಲಿ ಉಳಿಸಿ ಎಂದು ಬಜೆಟ್ಟಿಗೆ ಮುಂಚೆ ಸಂಸದರಿಗೆ ನಾನು ಪತ್ರ ಬರೆಯುತ್ತೇನೆ. ನೀವೂ ಬರೆಯಿರಿ.

ಕ್ಲೇಮ್ ಇರಲಿ ಬಿಡಲಿ, ಸರ್ಟಿಫಿಕೇಟನ್ನು ಮಾತ್ರ ಮಾಡಿಸಿ. ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೆ ಅದು ಬೇಕು. ಹದಿನೆಂಟು ದಾಟಿದ ಮೇಲೆ ಕಾನೂನುಬದ್ಧ ಪೋಷಕರಾಗಲು ಜಿಲ್ಲಾ ಮಟ್ಟದ ಸಮಿತಿಯ ಮುಂದೆ ಅರ್ಜಿ ಹಾಕುವಾಗಲೂ ಅದೇ ಬೇಕು.

ಪ್ರತಿ ವರ್ಷ ನಾನು ಲ್ಯಾಪ್‌ಟಾಪ್ ಮುಂದೆ ರಿಟರ್ನ್ ತುಂಬಲು ಕೂತಾಗ ಅಮ್ಮ ಬೀರುವಿನಿಂದ ತಮ್ಮನ ಕಾರ್ಡನ್ನು ತಂದು ಮೇಜಿನ ಮೇಲಿಡುತ್ತಾಳೆ. ಈ ಸಲವೂ ತಂದಳು. "ಅವನದ್ದು ಹಾಕಿದ್ಯಾ?" ಎಂದು ಕೇಳಿದಳು. ಈ ವರ್ಷ ಬೇಕಿಲ್ಲಮ್ಮ, ಹೊಸ ಲೆಕ್ಕದಲ್ಲಿ ಅವನ ಹೆಸರು ಬರೆಯೋಕೆ ಜಾಗ ಇಲ್ಲ ಎಂದೆ. ಕಾರ್ಡಿನ ಮೇಲಿನ ಫೋಟೋವನ್ನು ಸೆರಗಿನಿಂದ ಒಮ್ಮೆ ಒರೆಸಿದಳು. ಪ್ಲಾಸ್ಟಿಕ್ ಕವರಿಗೆ ಹಾಕಿ, ಪಿಂಚಣಿಯ ಪಾಸ್‌ಬುಕ್ಕಿನ ಜೊತೆಗೇ ಮತ್ತೆ ಬೀರುವಿನಲ್ಲಿಟ್ಟಳು.