ಹೆಸರಿದ್ದರೆ ಮತ

ದಶಾಶ್ವಮೇಧ ಘಾಟಿನ ಮೆಟ್ಟಿಲ ಮೇಲೆ ನಾವು ನಿತ್ಯವೂ ಕಾಣುವ ನೋಟವೊಂದಿದೆ. ಯಾತ್ರಿಕರು ಗಂಗೆಯಲ್ಲಿ ಮಿಂದು ಸಂಕಲ್ಪಕ್ಕೆ ಕುಳಿತಾಗ ಪುರೋಹಿತರು ಮೊದಲು ಕೇಳುವುದು ಹೆಸರು, ಗೋತ್ರ. ಹೆಸರು ಹೇಳದೆ ಸಂಕಲ್ಪವಿಲ್ಲ. ರಾಜ್ಯದ ವ್ಯವಹಾರವೂ ಹಾಗೆಯೇ. ಪಟ್ಟಿಯಲ್ಲಿ ಹೆಸರಿಲ್ಲದೆ ಮತವಿಲ್ಲ. ನಮ್ಮ ಹೆಣ್ಣುಮಕ್ಕಳು ಮತದ ಹಕ್ಕನ್ನು ಪಡೆದ ಬಗೆಯನ್ನೂ, ಪಡೆದ ಮೇಲೂ ಹಲವರು ಅದನ್ನು ಕಳೆದುಕೊಂಡ ಬಗೆಯನ್ನೂ ಈ ಸಲ ತಿಳಿಯೋಣ.

ಬೇಡಿಕೆ

1917ರ ಡಿಸೆಂಬರಿನಲ್ಲಿ ಭಾರತ ಮಂತ್ರಿ ಮಾಂಟೆಗು ಮದ್ರಾಸಿಗೆ ಬಂದಾಗ, ಸರೋಜಿನಿ ನಾಯ್ಡು ಅವರ ನೇತೃತ್ವದಲ್ಲಿ ಸ್ತ್ರೀಯರ ನಿಯೋಗವೊಂದು ಅವರನ್ನು ಕಂಡು, ಗಂಡಸರಿಗೆ ಕೊಡುವ ಹಕ್ಕನ್ನು ತಮಗೂ ಕೊಡಬೇಕೆಂದು ಕೇಳಿತು. ಅದೇ ವರ್ಷ ಮಾರ್ಗರೆಟ್ ಕಸಿನ್ಸ್ ಮೊದಲಾದವರು ಅಡ್ಯಾರಿನಲ್ಲಿ ಮಹಿಳಾ ಸಂಘವೊಂದನ್ನು ಕಟ್ಟಿದ್ದರು. ಅದರ ಅಧ್ಯಕ್ಷೆ ಆನಿ ಬೆಸೆಂಟ್. 1898ರಲ್ಲಿ ಈ ಕಾಶಿಯಲ್ಲಿಯೇ ಸೆಂಟ್ರಲ್ ಹಿಂದೂ ಕಾಲೇಜನ್ನು ಸ್ಥಾಪಿಸಿದವರು.

1919ರ ಕಾಯಿದೆ ನೇರವಾಗಿ ಹಕ್ಕು ಕೊಡಲಿಲ್ಲ. ತೀರ್ಮಾನವನ್ನು ಪ್ರಾಂತಗಳ ಶಾಸನಸಭೆಗಳಿಗೆ ಬಿಟ್ಟಿತು. 1921ರಲ್ಲಿ ಮದ್ರಾಸು ಮತ್ತು ಮುಂಬಯಿ ಒಪ್ಪಿದವು. 1923ರಲ್ಲಿ ನಾವೀಗ ಇರುವ ಈ ಸಂಯುಕ್ತ ಪ್ರಾಂತವೂ, ಮೈಸೂರು ಸಂಸ್ಥಾನವೂ ಒಪ್ಪಿದವು. ಕನ್ನಡನಾಡು ಆಗ ಹರಿದು ಹಂಚಿಹೋಗಿತ್ತಷ್ಟೆ. ಆದ್ದರಿಂದ ಮಂಗಳೂರಿನ, ಧಾರವಾಡದ ಹೆಂಗಸರಿಗೆ ಹಕ್ಕು ಮೊದಲು ಬಂತು. ಮೈಸೂರಿನವರಿಗೆ ಎರಡು ವರ್ಷ ತಡವಾಗಿ ಬಂತು. ಆದರೆ ಎಲ್ಲೆಡೆಯೂ ಆಸ್ತಿ, ಕಂದಾಯಗಳ ನಿಬಂಧನೆ ಇತ್ತು. ಹೊಲ ಮನೆ ಹೆಣ್ಣಿನ ಹೆಸರಿನಲ್ಲಿರುವುದು ಅಪರೂಪವಾದ್ದರಿಂದ ಮತದಾರರಾದವರು ಬಹಳ ಕಡಿಮೆ.

1926ರಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸು ಶಾಸನಸಭೆಗೆ ಉಮೇದುವಾರರಾಗಿ ನಿಂತರು. ಪ್ರಚಾರಕ್ಕೆ ದೊರೆತದ್ದು ಕೆಲವೇ ದಿನ; ಸೋತದ್ದು ಸ್ವಲ್ಪ ಮತಗಳಿಂದ. ಅವರು ಸೋತರೂ ಹೆಣ್ಣು ಚುನಾವಣೆಗೆ ನಿಲ್ಲಬಹುದೆಂಬುದು ಊರೂರಿಗೆ ತಿಳಿಯಿತು.

1935ರ ಕಾಯಿದೆ ಓದುಬರಹ ಬಲ್ಲ ಸ್ತ್ರೀಯರನ್ನೂ, ಆಸ್ತಿವಂತರ ಹೆಂಡಂದಿರನ್ನೂ ಸೇರಿಸಿತು. ಅಂದರೆ ಹಲವರ ಹಕ್ಕು ಗಂಡನ ಆಸ್ತಿಗೆ ಕಟ್ಟಿದ ಗಂಟಾಯಿತು. ಆ ಗಂಟನ್ನು ಬಿಚ್ಚಿದ್ದು 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ. 21 ವರ್ಷ ತುಂಬಿದ ಎಲ್ಲರಿಗೂ, ಗಂಡು ಹೆಣ್ಣೆನ್ನದೆ, ಒಂದೊಂದು ಮತ. ಸ್ವಿಟ್ಜರ್ಲೆಂಡಿನಂಥ ಮುಂದುವರಿದ ದೇಶದ ಹೆಂಗಸರು ತಮ್ಮ ರಾಷ್ಟ್ರದ ಚುನಾವಣೆಯಲ್ಲಿ ಈ ಹಕ್ಕಿಗೆ 1971ರವರೆಗೆ ಕಾಯಬೇಕಾಯಿತು.

ಹೆಸರಿನ ತೊಡಕು

ಮೊದಲ ಮಹಾ ಚುನಾವಣೆ ನಡೆದದ್ದು 1951-52ರಲ್ಲಿ. ಪಟ್ಟಿ ಬರೆಯುವವರು ಮನೆ ಮನೆಗೆ ಹೋದಾಗ ಎಷ್ಟೋ ಹೆಂಗಸರು "ಇಂಥವರ ಹೆಂಡತಿ", "ಇಂಥವರ ತಾಯಿ" ಎಂದಷ್ಟೇ ಬರೆಸಿದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳುತ್ತಾಳೆ. ಇವರು ತಮ್ಮ ಹೆಸರನ್ನೇ ಪರರ ಮುಂದೆ ಹೇಳಲಿಲ್ಲ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಇಂಥ ನಮೂದು ಸಲ್ಲದೆಂದರು. ತಿದ್ದಲು ಅವಕಾಶ ಕೊಟ್ಟ ಮೇಲೂ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ಈ ಸಂಗತಿ ಹೆಚ್ಚಾಗಿ ಕಂಡ ರಾಜ್ಯಗಳಲ್ಲಿ ಉತ್ತರಪ್ರದೇಶವೂ ಒಂದು.

ನಮಗೇನು?

1989ರಿಂದ ಮತದ ವಯಸ್ಸು 18. ಊರು ಬಿಟ್ಟು ದುಡಿಯಲು ಬಂದ ನಮ್ಮಂಥವರ ಹೆಸರು ಎಷ್ಟೋ ಸಲ ಊರಿನಲ್ಲೂ ಇರುವುದಿಲ್ಲ, ಇಲ್ಲಿಯೂ ಇರುವುದಿಲ್ಲ. ಕಾಯಿದೆಯಂತೆ ಒಬ್ಬರ ಹೆಸರು ಒಂದೇ ಕಡೆ, ಅವರು ಸಾಮಾನ್ಯವಾಗಿ ವಾಸಿಸುವ ಕಡೆ, ಇರತಕ್ಕದ್ದು. ಹೊಸದಾಗಿ ಸೇರಲು ನಮೂನೆ 6. ವಿಳಾಸ ಬದಲಿಸಲು ನಮೂನೆ 8. ಗಂಡ ಇಲ್ಲಿ, ಹೆಂಡತಿ ಊರಿನಲ್ಲಿ ಇದ್ದರೆ ಇಬ್ಬರ ಹೆಸರೂ ಬೇರೆ ಬೇರೆ ಕಡೆ ಇರಬಹುದು, ಅದರಲ್ಲಿ ತಪ್ಪಿಲ್ಲ.

ಈ ವಾರ ಊರಿಗೆ ಮಾತನಾಡುವಾಗ ಮಳೆ ಬೆಳೆ ವಿಚಾರಿಸಿದಂತೆಯೇ ಇದನ್ನೂ ವಿಚಾರಿಸೋಣ: ಅವ್ವನ ಹೆಸರು ಪಟ್ಟಿಯಲ್ಲಿದೆಯೆ? ಅಕ್ಕನದು? ಹೆಂಡತಿಯದು? ಅಕ್ಷರ ತಪ್ಪಿಲ್ಲದೆ, ಅವರವರದೇ ಹೆಸರು ಇದೆಯೆ?