ಬಿಡಿಚಲನೆ: ಹಿಪ್ ಹಾಪ್ ನೃತ್ಯದ ಮೊದಲ ಪಾಠ

ಹಿಪ್ ಹಾಪ್ ಎಂದೊಡನೆ ನೆಲದ ಮೇಲೆ ತಲೆಕೆಳಗಾಗಿ ಗಿರಗಿರನೆ ಸುತ್ತುವ ತರುಣನ ಚಿತ್ರ ಕಣ್ಮುಂದೆ ನಿಲ್ಲುತ್ತದೆ. ಆದರೆ ಆ ನೃತ್ಯದ ತಳಹದಿ ಇದಲ್ಲ. ದೇಹದ ಒಂದು ಭಾಗವನ್ನಷ್ಟೇ ಚಲಿಸಿ ಉಳಿದುವನ್ನು ನಿಶ್ಚಲವಾಗಿರಿಸುವ 'ಐಸೊಲೇಷನ್' ಇದರ ಮೊದಲ ಪಾಠ. ಕನ್ನಡದಲ್ಲಿ ಬಿಡಿಚಲನೆ ಎನ್ನಬಹುದು.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಸಂಗೀತ ನುಡಿಸಿದ ಕೂಟವನ್ನು ಹಿಪ್ ಹಾಪ್‌ನ ಹುಟ್ಟೆಂದು ಎಣಿಸುವುದು ರೂಢಿ. ಬಿಡಿಚಲನೆ ಅದಕ್ಕಿಂತ ಹಳೆಯದು. ಹೈಟಿಯ ನೃತ್ಯಗಳನ್ನು ಅಭ್ಯಸಿಸಿದ ಕ್ಯಾಥರೀನ್ ಡನ್‌ಹ್ಯಾಮ್, ಭರತನಾಟ್ಯ ಕಲಿತ ಜ್ಯಾಕ್ ಕೋಲ್ ಇವರು ಅದನ್ನು ಅಮೆರಿಕದ ರಂಗಭೂಮಿಯಲ್ಲಿ ನೆಲೆಗೊಳಿಸಿದರು. ನಮ್ಮ ನಾಟ್ಯಶಾಸ್ತ್ರವು ತಲೆಗೆ 13, ಎದೆ, ಪಕ್ಕೆ, ಸೊಂಟಗಳಿಗೆ ತಲಾ 5 ಚಲನೆಗಳನ್ನು ಬೇರೆಬೇರೆಯಾಗಿಯೇ ಹೇಳಿದೆ. ಪ್ರತಿ ಅಂಗಕ್ಕೂ ಪ್ರತ್ಯೇಕ ಖಾತೆ ತೆರೆದಿಡುವ ಈ ಶಿಸ್ತು ನಮಗೆ ಹೊಸತೇನಲ್ಲ.

ಪಾದಗಳನ್ನು ಭುಜದಗಲಕ್ಕೆ ಇರಿಸಿ, ಮಂಡಿಗಳನ್ನು ತುಸು ಸಡಿಲಿಸಿ ನಿಲ್ಲಬೇಕು. ತಲೆ, ಭುಜ, ಎದೆ, ಸೊಂಟ ಎಂಬುದು ಕ್ರಮ. ತಲೆಯನ್ನೂ ಭುಜವನ್ನೂ ಬೇಗನೆ ಕಲಿಯಬಹುದು. ಎದೆಯದೇ ಕಷ್ಟ. ಬೆನ್ನಿನ 12 ಕಶೇರುಗಳು ಪಕ್ಕೆಲುಬುಗಳೊಡನೆ ಬಂಧಿತವಾಗಿರುವುದರಿಂದ ಆ ಭಾಗ ಸಹಜವಾಗಿಯೇ ಬಿಗಿ. ದಿನವಿಡೀ ಮೇಜಿನ ಮೇಲೆ ಬಾಗಿ ಕುಳಿತವರಲ್ಲಂತೂ ಹೇಳತೀರದು. ಇಂಥವರು ನಿಲ್ಲುವುದಕ್ಕಿಂತ ಕುರ್ಚಿಯಲ್ಲಿ ಕುಳಿತು ಆರಂಭಿಸುವುದು ಲೇಸು. ಆಗ ಸೊಂಟ ತಾನಾಗಿಯೇ ಸ್ಥಿರವಾಗಿರುತ್ತದೆ. ಕೈಗಳನ್ನು ಇಕ್ಕೆಲಗಳಿಗೆ ಚಾಚಿ, ಬಲಗೈಯ ಬೆರಳ ತುದಿಯನ್ನು ಯಾರೋ ಎಳೆಯುತ್ತಿರುವಂತೆ ಭಾವಿಸಿ ಎದೆಯನ್ನು ಬಲಕ್ಕೆ ಸರಿಸಬೇಕು. ಎರಡು ಭುಜಗಳೂ ಒಂದೇ ಮಟ್ಟದಲ್ಲಿರಬೇಕು. ಒಂದು ತಗ್ಗಿತೆಂದರೆ ಅದು ಸರಿಯುವಿಕೆಯಲ್ಲ, ಬರಿಯ ಬಾಗುವಿಕೆ. ಈ ಭೇದವನ್ನು ಕನ್ನಡಿಯಷ್ಟು ನಿಷ್ಠುರವಾಗಿ ಗುರುವೂ ತೋರಿಸಲಾರ. ಮುಂದೆ, ಬಲ, ಹಿಂದೆ, ಎಡ ಈ ನಾಲ್ಕು ನೆಲೆಗಳು ಸ್ಪಷ್ಟವಾದ ಬಳಿಕವೇ ಅವನ್ನು ಜೋಡಿಸಿ ವೃತ್ತವಾಗಿಸುವುದು. ಅವಸರಪಟ್ಟು ಮೊದಲೇ ವೃತ್ತಕ್ಕೆ ಹೋದವರ ಎದೆ ಸುತ್ತುವುದಿಲ್ಲ, ಇಡೀ ಮೈ ತೂಗಾಡುತ್ತದೆ.

ಸೊಂಟವನ್ನು ಸರಿಸುವಾಗ ಮಂಡಿ ಮಡಿಸಿರಬೇಕು, ಹೊಟ್ಟೆಯ ಸ್ನಾಯುಗಳು ಹದವಾಗಿ ಬಿಗಿದಿರಬೇಕು. ಇಲ್ಲವಾದರೆ ಭಾರವೆಲ್ಲ ನಡುವಿನ 5 ಕಶೇರುಗಳ ಮೇಲೆ ಬೀಳುತ್ತದೆ.

ಕತ್ತಿನ ವಿಷಯದಲ್ಲಿ ಉತ್ಸಾಹಕ್ಕಿಂತ ಎಚ್ಚರ ಮುಖ್ಯ. ತಲೆಯನ್ನು ಹಿಂದಕ್ಕೆ ಚೆಲ್ಲಿ ರಭಸದಿಂದ ಸುತ್ತಿಸುವುದನ್ನು ನಲವತ್ತು ದಾಟಿದವರು ಬಿಡುವುದೇ ಮೇಲು. ತಲೆಸುತ್ತು, ಕೈಯಲ್ಲಿ ಜೋಮು, ಹರಿದಾಡುವ ನೋವು ಇದ್ದವರು ವೈದ್ಯರನ್ನು ಕಂಡ ಮೇಲೆಯೇ ತೊಡಗತಕ್ಕದ್ದು. ಮಕ್ಕಳು ನೋವೆಂದಾಗ "ಅಭ್ಯಾಸವಾದರೆ ಸರಿಹೋಗುತ್ತದೆ" ಎನ್ನುವ ತರಬೇತಿಯನ್ನು ಪಾಲಕರು ಒಪ್ಪಬಾರದು.

ಮೊದಲ ವಾರ ಸಂಗೀತ ಬೇಡ. ಬಾಯಲ್ಲಿ ನಾಲ್ಕು ಎಣಿಸಿಕೊಂಡು ದಿನಕ್ಕೆ ಹತ್ತು ನಿಮಿಷ ಸಾಕು. ಅನಂತರ ನಿಧಾನಗತಿಯ ಹಾಡೊಂದನ್ನು ಆರಿಸಿ, ಪ್ರತಿ ಎರಡು ಪೆಟ್ಟಿಗೆ ಒಂದು ಚಲನೆಯಂತೆ ಹೊಂದಿಸಿಕೊಳ್ಳಬಹುದು.