ಹರ್ನಿಯಾ ಆಪರೇಷನ್ ಆದ ಮೇಲೂ ಉಬ್ಬು ಏಕೆ?

ಪ್ರಶ್ನೆ: ಗರ್ಭಕೋಶ ತೆಗೆದ ಹಳೆಯ ಗಾಯದ ಜಾಗದಲ್ಲಿ ನಮ್ಮ ತಾಯಿಗೆ ಹರ್ನಿಯಾ ಆಗಿತ್ತು. ಮೆಶ್ ಹಾಕಿ ಆಪರೇಷನ್ ಮಾಡಿ ಮೂರು ವಾರವಾಯಿತು. ಈಗ ಅದೇ ಜಾಗ ಉಬ್ಬಿಕೊಂಡಿದೆ. ಹರ್ನಿಯಾ ಮರಳಿ ಬಂತೇ? ಅವರು ಎಷ್ಟು ದಿನ ಭಾರ ಎತ್ತಬಾರದು?

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಆಪರೇಷನ್ ಆದ ಜಾಗವೇ ಮತ್ತೆ ಉಬ್ಬಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ಇಷ್ಟು ಬೇಗ ಕಾಣುವ ಉಬ್ಬು ಹೆಚ್ಚಿನ ಸಲ ಹರ್ನಿಯಾ ಅಲ್ಲ, ನೀರು.

ಹೊಟ್ಟೆಯ ಗೋಡೆ ಬಿಟ್ಟುಕೊಂಡ ಕಡೆ ಒಳಗಿನ ಕೊಬ್ಬೋ ಕರುಳೋ ಚರ್ಮದಡಿಗೆ ತೂರಿ ಬರುವುದೇ ಹರ್ನಿಯಾ. ಅದನ್ನು ಒಳಗೆ ಸೇರಿಸಿ ಸಂದು ಮುಚ್ಚಿದ ಮೇಲೆ, ಅದು ಅಷ್ಟು ದಿನ ಕೂತಿದ್ದ ಜಾಗ ಖಾಲಿ ಉಳಿಯುತ್ತದೆ. ಗಾಯದಿಂದ ಒಸರುವ ತಿಳಿ ಹಳದಿ ನೀರು ಅಲ್ಲಿ ತುಂಬಿಕೊಳ್ಳುತ್ತದೆ. ಇದಕ್ಕೆ ಸೆರೋಮಾ ಎಂದು ಹೆಸರು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ದೇಹವೇ ಇದನ್ನು ಹೀರಿಕೊಳ್ಳುತ್ತದೆ. ಸೂಜಿ ಹಾಕಿಸಿ ತೆಗೆಸಲು ಆತುರಪಡಬೇಡಿ. ಸೂಜಿಯ ಜೊತೆ ಸೋಂಕೂ ಒಳಹೋಗಬಹುದು.

ತಾಯಿಯವರನ್ನು ಅಂಗಾತ ಮಲಗಿಸಿ ನೋಡಿ. ಹರ್ನಿಯಾ ಆದರೆ ಸಾಮಾನ್ಯವಾಗಿ ಒಳಗೆ ಸರಿಯುತ್ತದೆ, ನೀರು ಇದ್ದಲ್ಲೇ ಇರುತ್ತದೆ. ನಿಂತು ಕೆಮ್ಮಿದಾಗ ಉಬ್ಬಿನ ಮೇಲಿಟ್ಟ ಅಂಗೈಗೆ ಒಳಗಿನಿಂದ ತಳ್ಳಿದಂತಾದರೆ ಹರ್ನಿಯಾ ಇರಬಹುದೆಂಬ ಸಂಶಯ ಬರುತ್ತದೆ. ಖಚಿತಪಡಿಸಲು ಸ್ಕ್ಯಾನಿಂಗ್ ಬೇಕು. ಹೇಗೂ ಆಪರೇಷನ್ ಮಾಡಿದ ವೈದ್ಯರಿಗೆ ಒಮ್ಮೆ ತೋರಿಸಿ.

ಮೆಶ್, ಅಂದರೆ ಬಲೆಯಂಥ ಜಾಲರಿ, ಹಾಕಿದ್ದು ಸರಿಯಾದ ಕ್ರಮವೇ. ಇಂಥ ಹಳೆಯ ಗಾಯದ ಹರ್ನಿಯಾಗಳ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಹೊಲಿಗೆ ಹಾಕಿದವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ 43 ಮಂದಿಗೆ ಹರ್ನಿಯಾ ಮರಳಿತ್ತು. ಮೆಶ್ ಹಾಕಿದವರಲ್ಲಿ 24 ಮಂದಿಗೆ. ಆದ್ದರಿಂದ ಈಗಿನ ನೀರು ಇಳಿದ ಮೇಲೂ ವರ್ಷಗಳವರೆಗೆ ಆ ಜಾಗದ ಮೇಲೆ ಒಂದು ಕಣ್ಣಿರಲಿ.

ಮೆಶ್ ತಾನೇ ಗಾಯವನ್ನು ಬೆಸೆಯುವುದಿಲ್ಲ. ಚಪ್ಪರಕ್ಕೆ ಬಳ್ಳಿ ಹಬ್ಬಿದ ಹಾಗೆ, ಅದರ ಕಣ್ಣುಗಳಲ್ಲಿ ದೇಹದ ನಾರು ಹೆಣೆದುಕೊಂಡು ಬೆಳೆಯಬೇಕು. ಮೇಲಿನ ಚರ್ಮ ಹತ್ತು ಹದಿನೈದು ದಿನದಲ್ಲಿ ಕೂಡಿಕೊಂಡರೂ ಒಳಗಿನ ಗಾಯಕ್ಕೆ ಆರು ವಾರದ ಹೊತ್ತಿಗೆ ಬರುವುದು ಸುಮಾರು ಅರ್ಧದಷ್ಟು ಬಲ. ಅದಕ್ಕೇ ತುಂಬಿದ ಬಿಂದಿಗೆ, ಅಕ್ಕಿ ಮೂಟೆಗಳ ತಂಟೆಗೆ ನಾಲ್ಕರಿಂದ ಆರು ವಾರ ಹೋಗಬೇಡಿ ಎನ್ನುತ್ತಾರೆ. ದೊಡ್ಡ ಹರ್ನಿಯಾ ಆಗಿದ್ದರೆ ಇನ್ನೂ ಹೆಚ್ಚು. ಪಕ್ಕದ ಮನೆಯವರು ತೊಡೆಸಂದಿನ ಹರ್ನಿಯಾ ಮಾಡಿಸಿಕೊಂಡು ವಾರದಲ್ಲೇ ಕೆಲಸಕ್ಕೆ ಹೋಗಿರಬಹುದು. ಅದು ಬೇರೆ ಜಾಗ, ಸಾಮಾನ್ಯವಾಗಿ ಚಿಕ್ಕ ಆಪರೇಷನ್. ಅದರ ಲೆಕ್ಕ ಇಲ್ಲಿಗೆ ಹಿಡಿಯಬೇಡಿ.

ಬಿಂದಿಗೆ ಎತ್ತಲು ಹೋದರೆ ಮನೆಯವರೆಲ್ಲ ಓಡಿಬಂದು ತಡೆಯುತ್ತಾರೆ. ಕೆಮ್ಮನ್ನೂ ಮಲಬದ್ಧತೆಯನ್ನೂ ಮಾತ್ರ ಯಾರೂ ಅಷ್ಟು ಲೆಕ್ಕಕ್ಕಿಡುವುದಿಲ್ಲ. ನಿಜಕ್ಕೂ ಜೋರು ಕೆಮ್ಮು ಹೊಟ್ಟೆಯೊಳಗೆ ಎಬ್ಬಿಸುವ ಒತ್ತಡ ಎಷ್ಟೋ ಭಾರ ಎತ್ತುವುದಕ್ಕಿಂತ ಹೆಚ್ಚು. ಕೆಮ್ಮು ಬಂದಾಗ ದಿಂಬನ್ನು ಗಾಯಕ್ಕೆ ಒತ್ತಿ ಹಿಡಿಯಲು ಹೇಳಿ. ಶೌಚಕ್ಕೆ ತಿಣುಕದಂತೆ ನೀರು, ಸೊಪ್ಪು, ಹಣ್ಣು ಕೊಡಿ. ಹಾಸಿಗೆಯಿಂದ ಏಳುವಾಗ ಮಗ್ಗುಲಾಗಿ, ಕೈ ಊರಿ ಏಳಲಿ. ಮಲಗಿಸಿಯೇ ಇಡಬೇಡಿ, ಮನೆಯೊಳಗೆ ದಿನವೂ ಓಡಾಡಿಸಿ.

ಉಬ್ಬು ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಉಬ್ಬು ಗಟ್ಟಿಯಾಗಿ ತುಂಬಾ ನೋವಾಗುತ್ತಿದ್ದು, ವಾಂತಿಯಾಗಿ, ಗಾಳಿ ಹೋಗುವುದೂ ನಿಂತರೆ ರಾತ್ರಿಯಾದರೂ ಬೆಳಗಿನವರೆಗೆ ಕಾಯಬೇಡಿ, ಕರುಳು ಸಿಕ್ಕಿಕೊಂಡಿರಬಹುದು.